ಕರಟದಲ್ಲಿ ಮೇಣದಬತ್ತಿ ನಿಲ್ಲಿಸುವುದು ಹೇಗೆ?

ಕರೆಂಟು ಹೋದ ರಾತ್ರಿಗಳಲ್ಲಿ ನಮ್ಮ ಮನೆಯ ಕ್ಯಾಂಡಲ್ ಸ್ಟ್ಯಾಂಡ್ ಎಂದರೆ ಬೋರಲು ಹಾಕಿದ ಸ್ಟೀಲ್ ಲೋಟ. ತಳದ ಮೇಲೆ ನಾಲ್ಕು ಹನಿ ಮೇಣ ಬೀಳಿಸಿ, ಆರುವ ಮೊದಲೇ ಬತ್ತಿಯನ್ನು ಒತ್ತಿ ಹಿಡಿದರೆ ಮುಗಿಯಿತು. ಮರುದಿನ ಲೋಟ ಉಜ್ಜುವವರ ಗೊಣಗಾಟ ಬೇರೆ. ದೇವರ ಮುಂದಿನ ಎಣ್ಣೆ ದೀಪಕ್ಕಿದ್ದ ಕಂಬ, ಸರಪಳಿಗಳ ವೈಭೋಗ ಮೇಣದಬತ್ತಿಗೆ ನಮ್ಮಲ್ಲಿ ಸಿಗಲೇ ಇಲ್ಲ. ಆ ಕೊರತೆಯನ್ನು ಕಾಯಿ ತುರಿದು ಉಳಿದ ಕರಟದಲ್ಲೇ ತುಂಬಿಕೊಳ್ಳಬಹುದು.

ಎರಡು ಹೋಳುಗಳಲ್ಲಿ ಕಣ್ಣಿಲ್ಲದ್ದನ್ನು ಆರಿಸಿ. ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಮೊಳಕೆ ಬರುವುದೂ ಅಲ್ಲಿಂದಲೇ. ಅದು ತೂತಾದರೆ, ಕೊನೆಗೆ ಕರಟಕ್ಕೆ ತುಂಬುವ ಮರಳು ಸೋರುತ್ತದೆ. ಎರಡು ಮೂರು ದಿನ ಬಿಸಿಲಿಗಿಟ್ಟರೆ ಒಳಗೆ ಅಂಟಿದ ಕಾಯಿಯ ಚೂರು ಸುರುಟಿಕೊಂಡು ಚಾಕುವಿನ ತುದಿಗೆ ಎದ್ದುಬರುತ್ತದೆ.

ಹೊರಮೈಯ ನಾರನ್ನು ಕೆರೆದು ತೆಗೆದು ಉಪ್ಪುಕಾಗದದಿಂದ ತಿಕ್ಕಿ: ಮೊದಲು 80 ನಂಬರು, ನಂತರ 220, ಕೊನೆಗೆ 400. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ವಿಪರೀತ. ಇಲ್ಲಿ ಅವಸರ ಮಾಡುವವರೇ ಹೆಚ್ಚು. 80ರ ಗೀರುಗಳು ಪೂರ್ತಿ ಮಾಯವಾಗದೆ ಮುಂದಿನದಕ್ಕೆ ಹೋಗಬೇಡಿ. ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯ ಚೂರಿನಿಂದ ಜಿಡ್ಡು ಉಳಿಯದಂತೆ ಒರೆಸಿದಾಗ ಮಂಕು ಮೈ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದನ್ನು ನೋಡಬೇಕು.

ಗುಂಡು ತಳ ನಿಲ್ಲುವುದಿಲ್ಲ. ಕೊಡಕ್ಕೆ ಸಿಂಬಿ ಇದ್ದಂತೆ ಇದಕ್ಕೂ ಒಂದು ಬೇಕು. ತೆಂಗಿನ ನಾರಿನ ಹಗ್ಗವನ್ನು ಎರಡು ಸುತ್ತು ಸುತ್ತಿ ದಾರದಿಂದ ಬಿಗಿದರೆ ಸಾಕು.

ಇನ್ನು ಮುಖ್ಯವಾದ ಮಾತು. ಕರಟ ಬಚ್ಚಲ ಒಲೆಯ ಸೌದೆ; ಒಮ್ಮೆ ಹತ್ತಿಕೊಂಡರೆ ಹಂಡೆ ನೀರನ್ನೇ ಕಾಯಿಸುತ್ತದೆ. ಹಾಗಾಗಿ ಬತ್ತಿಯನ್ನು ನೇರವಾಗಿ ಅದರೊಳಗೆ ನಿಲ್ಲಿಸಲೇಬೇಡಿ. ಅಂಚಿನಿಂದ ಅರ್ಧ ಇಂಚು ಕೆಳಗಿನವರೆಗೆ ಒಣ ಮರಳು ತುಂಬಿ, ಅದರ ನಡುವೆ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸಿಗುವ ಪುಟ್ಟ ಟೀ ಲೈಟ್ ಕೂರಿಸಿ. ಉರಿ ಅಂಚಿಗಿಂತ ಮೇಲಿರಬೇಕು. ಟೀ ಲೈಟಿನ ಮೇಣವೆಲ್ಲ ಕರಗಿ ನೀರಾಗುವುದರಿಂದ ಆ ಬಟ್ಟಲನ್ನು ತೆಗೆದು ಬರಿಯ ಬತ್ತಿ ಇಡುವ ಜಾಣತನವೂ ಬೇಡ. ಕರಟಕ್ಕೆ ತೂತು ಕೊರೆದು ಗೋಡೆಯ ಮೇಲೆ ಬೆಳಕಿನ ಚುಕ್ಕಿ ಬೀಳಿಸುವ ಆಸೆಯಿದ್ದವರು ಬ್ಯಾಟರಿಯ ಎಲ್‌ಇಡಿ ದೀಪ ಇಟ್ಟುಕೊಳ್ಳಲಿ.

ಪರದೆಯಿಂದ ದೂರ, ಫ್ಯಾನಿನ ಗಾಳಿ ತಾಗದಲ್ಲಿ, ಸ್ಟೀಲ್ ತಟ್ಟೆಯ ಮೇಲಿಡಿ. ಮಲಗುವ ಮುನ್ನ ಆರಿಸಿ. ಅಂಚಿಗೆ ಮೇಣ ಬಿದ್ದರೆ ಬಿಸಿಯಲ್ಲಿ ಮುಟ್ಟಬೇಡಿ. ಗಟ್ಟಿಯಾದ ಮೇಲೆ ಉಗುರು ತಾಗಿಸಿದರೆ ಬಿಲ್ಲೆಯಂತೆ ಎದ್ದುಬರುತ್ತದೆ.