ಒಂದು ಗರಿ, ಒಂದು ಸೂಜಿ

ಎರಡು ಮೂಕಿ ಚಿತ್ರಗಳನ್ನು ಹೋಲಿಸಿ ಅರ್ಧ ಗಂಟೆ ಮಾತಾಡ್ತೀನಿ ಅಂತ ಗೆಳೆಯರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ನಿರ್ದೇಶಿಸಿದ 1927ರ 'ಅಂಡರ್‌ವರ್ಲ್ಡ್' ಮತ್ತು 1928ರ 'ದಿ ಡಾಕ್ಸ್ ಆಫ್ ನ್ಯೂಯಾರ್ಕ್'. ಎರಡರಲ್ಲೂ ಹೀರೋ ಜಾರ್ಜ್ ಬ್ಯಾಂಕ್ರಾಫ್ಟ್. ಎರಡರಲ್ಲೂ ಕೊಲೆ ಇದೆ, ಪ್ರೀತಿ ಇದೆ, ಕುಡಿತವಂತೂ ಬೇಕಾದಷ್ಟು. ಸುಲಭ ಅಂದುಕೊಂಡೆ.

ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಕತೆ ಬರೆದೆ. ಒಂದು ಕಡೆ ಬುಲ್ ವೀಡ್ ಎಂಬ ದರೋಡೆಕೋರ, ಅವನ ಗೆಳತಿ ಫೆದರ್ಸ್, ಅವನೇ ಮೇಲೆತ್ತಿದ ಕುಡುಕ ವಕೀಲ ರೋಲ್ಸ್ ರಾಯ್ಸ್. ಇನ್ನೊಂದು ಕಡೆ ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಬಿಲ್, ಸಾಯಲು ನೀರಿಗೆ ಹಾರಿದ ಮೇ. ನಾಲ್ಕು ಪುಟ ತುಂಬಿತು. ಓದಿದರೆ ಟಿಕೆಟ್ಟಿನ ಹಿಂದೆ ಬರೆಯುವ ಕಥಾಸಾರದ ಹಾಗಿತ್ತು. ಹರಿದು ಹಾಕಿದೆ.

ಇನ್ನೊಂದು ಎಡವಟ್ಟೂ ಆಗಿತ್ತು. ಒಂದು ದೃಶ್ಯದಲ್ಲಿ ಕಣ್ಣು ತುಂಬಿ ಬಂದಿತ್ತು. ಆಮೇಲೆ ಹೊಳೆಯಿತು, ಅಳಿಸಿದ್ದು ಪಿಟೀಲು. ನಾನು ನೋಡಿದ ಪ್ರತಿಗೆ ಸಂಗೀತ ಸೇರಿಸಿದ್ದು ಎಷ್ಟೋ ವರ್ಷಗಳ ನಂತರ. ಆವತ್ತಿನಿಂದ ಮೊದಲ ಸಲ ದನಿ ಪೂರ್ತಿ ಬಂದ್ ಮಾಡಿಯೇ ನೋಡುತ್ತೇನೆ. ಬೇಜಾರಾಗುತ್ತೆ, ಆದರೆ ಕಣ್ಣು ಚುರುಕಾಗುತ್ತೆ.

ದನಿ ಇಲ್ಲದೆ ನೋಡಿದಾಗ ಚಿಕ್ಕ ಚಿಕ್ಕ ವಸ್ತುಗಳು ಕಾಣತೊಡಗಿದವು. 'ಅಂಡರ್‌ವರ್ಲ್ಡ್'ನಲ್ಲಿ ಫೆದರ್ಸ್ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಅವಳ ಉಡುಪಿನ ಒಂದು ಗರಿ ಕಳಚಿ ತೇಲುತ್ತಾ ಕೆಳಗೆ ಬರುತ್ತದೆ. ಕೆಳಗೆ ಕಸ ಗುಡಿಸುತ್ತಿದ್ದ ರೋಲ್ಸ್ ರಾಯ್ಸ್ ತಲೆ ಎತ್ತಿ ನೋಡುತ್ತಾನೆ. ಮುಂದಿನ ಪ್ರೀತಿ, ದ್ರೋಹದ ಅನುಮಾನ ಎಲ್ಲಾ ಆ ಗರಿಯಲ್ಲೇ ಇದೆ, ಅಲ್ವಾ? ಇದೇ ಚಿತ್ರದ ಕತೆಗೆ ಬೆನ್ ಹೆಕ್ಟ್‌ಗೆ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಪ್ರಶಸ್ತಿ ಬಂತು. ನನಗಂತೂ ಕತೆಗಿಂತ ಗರಿಯೇ ಜಾಸ್ತಿ.

'ಡಾಕ್ಸ್'ನಲ್ಲಿ ಇದಕ್ಕೆ ಜೋಡಿ ಹುಡುಕಿದೆ. ರಾತ್ರಿ ಮದುವೆಯಾದ ಬಿಲ್ ಬೆಳಗ್ಗೆ ಹೊರಟು ನಿಂತಿದ್ದಾನೆ. ಅವನ ಹರಿದ ಜೇಬು ಹೊಲಿಯಲು ಮೇ ಸೂಜಿ ಹಿಡಿಯುತ್ತಾಳೆ. ಕಣ್ಣಲ್ಲಿ ನೀರು. ಸೂಜಿ ನಮಗೂ ಮಂಜುಮಂಜಾಗಿ ಕಾಣುತ್ತದೆ, ಕ್ಯಾಮೆರಾ ಅವಳ ಕಣ್ಣೇ ಆಗಿಬಿಟ್ಟಿದೆ. ಅಲ್ಲಿ ವಿಡಿಯೊ ನಿಲ್ಲಿಸಿ ಬರೆಯುತ್ತಿದ್ದೆ. ಕಾಫಿ ತಂದ ಅಮ್ಮ ಪರದೆ ನೋಡಿ, "ಪಾಪ, ಅವಳ ಕೈಲಿ ಈಗ ಪೋಣಿಸೋಕಾಗಲ್ಲ ಕಣೋ" ಅಂದರು. ಕತೆ ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಮಾತು ಅಲ್ಲಿಂದಲೇ ಶುರು ಮಾಡಿದೆ. ಗರಿ ತಾನಾಗಿ ಬೀಳುತ್ತದೆ, ಸೂಜಿಗೆ ದಾರ ಯಾರಾದರೂ ಪೋಣಿಸಬೇಕು. ಕೊನೆಯಲ್ಲಿ ಇಬ್ಬರು ಗಂಡಸರೂ ಕಾನೂನಿಗೆ ತಲೆಬಾಗುತ್ತಾರೆ. ಬುಲ್ ವೀಡ್‌ಗೆ ಕಾದಿರುವುದು ನೇಣು. ಬಿಲ್‌ಗೆ ಕದ್ದ ಬಟ್ಟೆಗಾಗಿ 60 ದಿನ ಜೈಲು. ಮೇ ಕಾಯುತ್ತೇನೆ ಅನ್ನುತ್ತಾಳೆ.

"ನಿಜವಾಗ್ಲೂ ಕಾಯ್ತಾಳಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಅದರ ಮೇಲೇ ಮುಕ್ಕಾಲು ಗಂಟೆ ಜಗಳ ನಡೆಯಿತು.