ತಗ್ಗು ದಿಬ್ಬದ ಕಾಂಕ್ರೀಟ್ ನೆಲವನ್ನು ಮಟ್ಟ ಮಾಡಿದ್ದು ಹೀಗೆ

ನೆಲಮಹಡಿಯ 10×12 ಅಡಿ ಕೋಣೆ. ಕಾಂಕ್ರೀಟ್ ನೆಲದ ಮೇಲೆ ವಿನೈಲ್ (ಪ್ಲಾಸ್ಟಿಕ್ ನೆಲಹಾಸು) ಹಾಸಬೇಕಿತ್ತು. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ: ತಗ್ಗು ಎಂದುಕೊಂಡ ಜಾಗ ಸರಿಯಾಗಿಯೇ ಇದ್ದು, ಪಕ್ಕದ್ದು ಉಬ್ಬಿರಬಹುದು. ಹಾಗಾಗಿ ಲೆವೆಲ್ ಟ್ಯೂಬಿಗೆ (ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಪಾರದರ್ಶಕ ಕೊಳವೆ) ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಬಾಗಿಲ ಬಳಿ ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಗುರುತು ಹಾಕಿ, ಅದೇ ಮಟ್ಟವನ್ನು ನಾಲ್ಕೂ ಗೋಡೆಗೆ ದಾಟಿಸಿದೆ. ಗೋಡೆಯಿಂದ ಗೋಡೆಗೆ ನೈಲಾನ್ ದಾರ ಬಿಗಿದು ಎರಡೆರಡು ಅಡಿಗೆ ಕೆಳಕ್ಕೆ ಅಳೆದು, ಆ ಅಂಕಿಯನ್ನು ಅಲ್ಲಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹೆಚ್ಚಿನ ಕಡೆ 1000ದಿಂದ 1004 ಮಿಮೀ, ಕಿಟಕಿ ಮೂಲೆಯಲ್ಲಿ 1014, ಬಾಗಿಲ ಬಳಿ 993. ಅಂಕಿ ಹೆಚ್ಚಿದಷ್ಟೂ ನೆಲ ತಗ್ಗು. ಅಂದರೆ ಮೂಲೆ ತುಂಬಬೇಕು, ಬಾಗಿಲ ಬಳಿಯ ದಿಬ್ಬ ಉಜ್ಜಬೇಕು. ದಿಬ್ಬವನ್ನು ಹಾಗೇ ಬಿಟ್ಟು ಅದರ ಮಟ್ಟಕ್ಕೆ ಇಡೀ ಕೋಣೆ ಎತ್ತರಿಸಿದರೆ ವಸ್ತು ಹೆಚ್ಚು ಬೇಕು, ಬಾಗಿಲೂ ನೆಲಕ್ಕೆ ತಾಗುತ್ತದೆ.

ಮುಂದಿನದು ಸುತ್ತಿಗೆಯ ಪರೀಕ್ಷೆ. ಇಡೀ ನೆಲವನ್ನು ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಬಿಟ್ಟುಕೊಂಡ ಜಾಗ ‘ಡಬ್’ ಎನ್ನುತ್ತದೆ. ಟೊಳ್ಳು ಸದ್ದಿನ ಗಾರೆಯನ್ನು ಪೂರ್ತಿ ಕಿತ್ತು ತೆಗೆಯಲೇಬೇಕು. ಅದರ ಮೇಲೆ ಎಷ್ಟೇ ಒಳ್ಳೆಯ ವಸ್ತು ಹಾಕಿದರೂ ಕೆಳಗಿನ ಪದರದ ಜೊತೆಗೇ ಎದ್ದು ಬರುತ್ತದೆ. ಎರಡು ಅಡಿ ಚದರದ ಪಾಲಿಥೀನ್ ಹಾಳೆಯ ಅಂಚಿಗೆಲ್ಲ ಟೇಪ್ ಅಂಟಿಸಿ ಒಂದು ದಿನ ಬಿಟ್ಟೂ ನೋಡಿ. ಕೆಳಗೆ ಬೆವರಿದ್ದರೆ ತೇವ ನೆಲದಿಂದ ಮೇಲೇರುತ್ತಿದೆ. ಅದನ್ನು ತಡೆಯದೆ ವಿನೈಲ್ ಹಾಸಬೇಡಿ.

ದಿಬ್ಬವನ್ನು ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ (ಕಾಂಕ್ರೀಟ್ ಉಜ್ಜುವ ಚಕ್ರ) ಹಾಕಿ, ದಾರದಿಂದ ಅಳತೆ 998 ಆಗುವವರೆಗೆ ಉಜ್ಜಿದೆ. ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಶಾಶ್ವತ ಹಾನಿ. ಕರವಸ್ತ್ರ ಸಾಲದು, ಎನ್95 ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ಮೇಲಿನ ಮಹಡಿಯಾದರೆ ಹೀಗೆ ಉಜ್ಜುವ, ಒಡೆಯುವ ಮೊದಲು ಯೋಚಿಸಿ: ಆರ್‌ಸಿಸಿ ಸ್ಲ್ಯಾಬಿನಲ್ಲಿ ಕರೆಂಟ್ ಪೈಪು, ಕಂಬಿ ಎಲ್ಲ ಇರುತ್ತವೆ. ತುಂಬುವ ಭಾರವೂ ಸಣ್ಣದಲ್ಲ. ಇಷ್ಟೇ ಕೋಣೆಗೆ 25 ಮಿಮೀ ಗಾರೆ ಹಾಕಿದರೆ ಅರ್ಧ ಟನ್ನಿಗೂ ಹೆಚ್ಚು.

ಮೂಲೆಯ ತಗ್ಗಿಗೆ ಬರೀ ಸಿಮೆಂಟ್ ಮರಳು ನಿಲ್ಲುವುದಿಲ್ಲ. ತೆಳು ಗಾರೆಯ ನೀರನ್ನು ಹಳೆಯ ಕಾಂಕ್ರೀಟ್ ಹೀರಿಬಿಡುತ್ತದೆ, ಗಾರೆ ಕುಗ್ಗಿ ಅಂಚಿನಿಂದ ಏಳುತ್ತದೆ. ಚಾಣದಿಂದ ಮೈ ಒರಟು ಮಾಡಿ, ತೊಳೆದು, ನೀರು ನಿಲ್ಲದಷ್ಟು ಒದ್ದೆ ಇಟ್ಟುಕೊಂಡೆ. ಎಸ್‌ಬಿಆರ್ ಲೇಟೆಕ್ಸಿನಲ್ಲಿ (ಹಾಲಿನಂಥ ರಬ್ಬರ್ ಅಂಟು ದ್ರವ) ಸಿಮೆಂಟ್ ಕಲಸಿ ಬ್ರಷ್‌ನಿಂದ ತಿಕ್ಕಿ, ಅದು ಅಂಟಂಟಾಗಿ ಇರುವಾಗಲೇ 1:3 (ಸಿಮೆಂಟ್ ಒಂದು, ಮರಳು ಮೂರು) ಗಾರೆ ಒತ್ತಿದೆ. ಗಾರೆಗೂ 10 ಕೆಜಿ ಸಿಮೆಂಟಿಗೆ 2 ಲೀಟರ್ ಲೇಟೆಕ್ಸ್ ಬೆರೆಸಿದ್ದೆ. ಬಳಿದದ್ದು ಒಣಗಿಬಿಟ್ಟರೆ ಹಿಡಿಸುವ ಬದಲು ಬಿಡಿಸುತ್ತದೆ. ಹಾಗಾದರೆ ಕೆರೆದು ಮತ್ತೆ ಬಳಿಯಬೇಕು. ಗಾರೆಯನ್ನು 1004ರವರೆಗೆ ತಂದು, ಮೈ ಒರಟಾಗಿಯೇ ಬಿಟ್ಟು, ಕ್ಯೂರಿಂಗ್ ಮಾಡಿ (ಗಟ್ಟಿಯಾಗುವವರೆಗೆ ಒದ್ದೆ ಇಟ್ಟು) ಒಣಗಿಸಿದೆ.

ಕೊನೆಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ನೀರಲ್ಲಿ ಕಲಸಿ ಸುರಿದರೆ ಹರಿದು ಮಟ್ಟವಾಗುವ ಸಿಮೆಂಟ್ ಪುಡಿ. ಅಂತಿಮ ಮಟ್ಟ 995, ಸರಾಸರಿ ದಪ್ಪ 7 ಮಿಮೀ. ಚದರ ಮೀಟರಿಗೆ ಪ್ರತಿ ಮಿಮೀಗೆ ಸುಮಾರು 1.7 ಕೆಜಿಯಂತೆ 11.15 ಚದರ ಮೀಟರಿಗೆ 133 ಕೆಜಿ. 25 ಕೆಜಿಯ ಆರು ಚೀಲ. ಹಿಂದಿನ ದಿನ ಪ್ರೈಮರ್ (ರಂಧ್ರ ಮುಚ್ಚಿ ಹಿಡಿತ ಕೊಡುವ ದ್ರವ) ಎರಡು ಕೋಟ್ ಬಳಿದಿದ್ದೆ. ಪ್ರೈಮರ್ ಕಡಿಮೆಯಾದರೆ ಕಾಂಕ್ರೀಟಿನ ರಂಧ್ರದ ಗಾಳಿ ಮೇಲೆದ್ದು, ಕಾವಲಿ ಮೇಲಿನ ದೋಸೆಯಂತೆ ಮೈತುಂಬ ತೂತು ಬೀಳುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲ ಇದ್ದವರು ಆ ನುಣುಪು ಹೋಗುವವರೆಗೆ ಉಜ್ಜಿದ ಮೇಲೆಯೇ ಪ್ರೈಮರ್ ಹಚ್ಚಿ.

ನೀರನ್ನು ಚೀಲದ ಮೇಲೆ ಬರೆದಷ್ಟೇ ಅಳೆದು ಹಾಕಿ, ಅರ್ಧ ಲೀಟರೂ ಹೆಚ್ಚು ಬೇಡ. ಹೆಚ್ಚಾದರೆ ಭಾರದ ಮರಳು ಕೆಳಗಿಳಿದು, ಮೇಲೆ ಸೀಮೆಸುಣ್ಣದಂಥ ಕೆನೆ ಉಳಿಯುತ್ತದೆ, ಉಗುರಿಗೇ ಉದುರುತ್ತದೆ. ಕಲಸಿದ್ದು ಇಪ್ಪತ್ತು ನಿಮಿಷದೊಳಗೆ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಒಬ್ಬರು ಕಲಸುತ್ತಲೇ ಇರಬೇಕು, ಇನ್ನೊಬ್ಬರು ಒಳಮೂಲೆಯಿಂದ ಬಾಗಿಲ ಕಡೆಗೆ ಸುರಿಯುತ್ತಾ ಬರಬೇಕು. ಹೆಸರು ಕೇಳಿ ತಾನಾಗಿಯೇ ಹರಡುತ್ತದೆಂದು ಕೂರಬಾರದು. ಹಲ್ಲಿನ ಕರಣೆಯಿಂದ ಎಳೆದು, ಮುಳ್ಳಿನ ರೋಲರ್ ಓಡಿಸಿ ಗುಳ್ಳೆ ಒಡೆಯಬೇಕು. ಹೊಸಿಲಿಗೆ ಮೊದಲೇ ಪಟ್ಟಿ ಕಟ್ಟಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿಡಿ. ಗಾಳಿಗೆ ಮೇಲ್ಮೈ ಬೇಗ ಒಣಗಿ ಕೂದಲೆಳೆ ಬಿರುಕು ಬರುತ್ತದೆ.

ಬಚ್ಚಲಿಗೂ ತಾರಸಿಗೂ ಇದನ್ನು ಸುರಿಯಬೇಡಿ. ಅಲ್ಲಿ ಬೇಕಿರುವುದು ಮಟ್ಟವಲ್ಲ, ನೀರು ಹರಿದು ಹೋಗುವ ಇಳಿಜಾರು. ಮೀಟರಿಗೆ ಕನಿಷ್ಠ 10 ಮಿಮೀ.