ಅಘನಾಶಿನಿಯಲ್ಲಿ ಹರಿವಿನ ವೇಗ: ಎರಡು ಉತ್ತರ ಬರುತ್ತಿದ್ದ ಲೆಕ್ಕ

ಅಘನಾಶಿನಿ ನದಿ ಸಮುದ್ರ ಸೇರುವ ತದಡಿ ಹತ್ತಿರ ದೋಣಿ ಓಡಿಸಿ ಹರಿವಿನ ವೇಗ ಅಳೆದಾಗ ಒಂದೇ ಓಟಕ್ಕೆ ಎರಡು ಉತ್ತರ ಬಂತು: ಗಂಟೆಗೆ 1.85 ಕಿ.ಮೀ., ಇನ್ನೊಂದು 1.15. ದೋಷ ನೀರಿನದ್ದಲ್ಲ, ಸರಾಸರಿಯದ್ದು.

ದಡದ ಎರಡು ಗುರುತುಗಳ ನಡುವೆ 1 ಕಿ.ಮೀ. ಹರಿವಿನ ಜೊತೆ 7.5 ನಿಮಿಷ, ಅಂದರೆ ಗಂಟೆಗೆ 8 ಕಿ.ಮೀ.; ಎದುರಾಗಿ 12 ನಿಮಿಷ, 5 ಕಿ.ಮೀ. ಒಟ್ಟು 2 ಕಿ.ಮೀ.ಯನ್ನು 19.5 ನಿಮಿಷಕ್ಕೆ ಭಾಗಿಸಿ ಸಿಕ್ಕ 6.15 ಅನ್ನೇ ನಿಂತ ನೀರಿನಲ್ಲಿ ದೋಣಿಯ ವೇಗ ಅಂದುಕೊಂಡಿದ್ದೆ. 8ರಿಂದ ಅದನ್ನು ಕಳೆದರೆ ಹರಿವು 1.85, ಅದರಿಂದ 5 ಕಳೆದರೆ 1.15. ಎದುರು ಹೋಗುವಾಗ ಹೆಚ್ಚು ಹೊತ್ತು ಹಿಡಿಯುವುದರಿಂದ ಈ ಸರಾಸರಿ ಕೆಳಕ್ಕೆ ಜಗ್ಗುತ್ತದೆ. ವೇಗಗಳನ್ನೇ ಕೂಡಿಸಿ ಅರ್ಧ ಮಾಡಿ: ದೋಣಿ 6.5. ಕಳೆದು ಅರ್ಧ ಮಾಡಿ: ಹರಿವು 1.5.

ಇಷ್ಟಕ್ಕೇ ನಿಲ್ಲಿಸಿದರೆ ಅಳಿವೆಯಲ್ಲಿ ಮತ್ತೆ ಮೋಸ. ಉಬ್ಬರ-ಇಳಿತದಿಂದ ಇಪ್ಪತ್ತು ನಿಮಿಷದಲ್ಲೇ ಹರಿವು ಬದಲಾಗುತ್ತದೆ. ಹಾಗಾಗಿ ಮೂರನೇ ಓಟ, ಮತ್ತೆ ಹರಿವಿನ ಜೊತೆ: ಈ ಸಲ ಗಂಟೆಗೆ 7.6 ಕಿ.ಮೀ. ಮೊದಲ ಮತ್ತು ಮೂರನೆಯದರ ಸರಾಸರಿ 7.8, ಅದರಿಂದ 5 ಕಳೆದು ಅರ್ಧ ಮಾಡಿದರೆ 1.4.

ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಮೂರೂ ಓಟಕ್ಕೆ ಒಂದೇ ಇರಲಿ. ಗುರುತಿಗೆ ಮುಂಚೆಯೇ ಪೂರ್ತಿ ವೇಗ ಹಿಡಿಯಬೇಕು. ತಿರುಗಿಸುವ ಸಮಯ ಲೆಕ್ಕಕ್ಕಿಲ್ಲ. ದಡದ ಬಳಿ ಹರಿವು ನಿಧಾನ, ಆದ್ದರಿಂದ ಹೋದ ಗೆರೆಯಲ್ಲೇ ವಾಪಸ್ ಬನ್ನಿ. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗ, ನಾಟ್‌ನಲ್ಲಿದ್ದರೆ ಗಂಟೆಗೆ ಕಿ.ಮೀ. ಮಾಡಲು 1.852ರಿಂದ ಗುಣಿಸಿ.

ತಾಳೆ ನೋಡಲು ಒಂದು ಎಳನೀರು ಕಾಯಿ ಸಾಕು. ಹೆಚ್ಚುಭಾಗ ನೀರಲ್ಲೇ ಮುಳುಗಿ ತೇಲುವುದರಿಂದ ಗಾಳಿಗೆ ಅಷ್ಟಾಗಿ ಸಿಗದು. 50 ಮೀಟರ್‌ಗೆ 2 ನಿಮಿಷ 9 ಸೆಕೆಂಡ್ ಹಿಡಿದರೆ ಅದೇ 1.4.